ಗಾಳಿ ಎಲ್ಲಿಂದ ಬರ್ತಿದೆ? ಪಾರ್ಟ್ಸ್ ಬದಲಾಯಿಸಿದ ಮೇಲೆ ಏರಿ ಕೂತ ಐಡ್ಲಿಂಗ್

ಕಳೆದ ಸೆಮಿಸ್ಟರ್ ರಜೆಯಲ್ಲಿ ಚೆನ್ನಾಗಿದ್ದ ಕಾರೊಂದನ್ನು ರಿಪೇರಿ ಮಾಡಿ ಕೆಡಿಸಿದೆ. ಕಾರು ನಮ್ಮಪ್ಪಂದು. 2001ರ ಮಾರುತಿ ಎಸ್ಟೀಮ್, 1298 ಸಿಸಿ, ನಾಲ್ಕು ಸಿಲಿಂಡರ್, 16 ವಾಲ್ವಿನ ಜಿ13ಬಿಬಿ ಎಂಜಿನ್. ನಮ್ಮ ಕ್ಲಾಸಿನ ಅರ್ಧ ಜನಕ್ಕಿಂತ ವಯಸ್ಸಿನಲ್ಲಿ ದೊಡ್ಡದು. ಕೆಡಿಸಿದ್ದು ಹೇಗೆ, ಸರಿಯಾಗಿದ್ದು ಹೇಗೆ ಅಂತ ಬರೀತಿದ್ದೀನಿ. ಇದರಲ್ಲಿ ನಮ್ಮ ಥರ್ಮೋ, ಫ್ಲೂಯಿಡ್ಸ್, ಕಂಟ್ರೋಲ್ ಸಿಸ್ಟಮ್ಸ್ ಮೂರೂ ಬರ್ತವೆ. ಮೂರರಲ್ಲೂ ಪಾಸಾಗಿದ್ದ ನನಗೆ ಬಾನೆಟ್ ಎತ್ತಿದಾಗ ಒಂದೂ ನೆನಪಾಗಲಿಲ್ಲ ಅನ್ನೋದು ಬೇರೆ ವಿಷಯ.

ಹಾಸನದ ಮನೆಗೆ ಹೋದಾಗ ರೇಡಿಯೇಟರ್ ಹೋಸ್ ಜಿನುಗ್ತಿತ್ತು. ನಾನೂ ಪಕ್ಕದ ಬೀದಿಯ ಗೆಳೆಯನೂ ಸೇರಿ ಹೋಸ್ ಬದಲಾಯಿಸಿದ್ವಿ. ಹೇಗೂ ಕೂಲಂಟ್ ಚೆಲ್ಲಿದ್ದೀವಲ್ಲ ಅಂತ ಥರ್ಮೋಸ್ಟಾಟ್ ಕೂಡ ಹೊಸದು ಹಾಕಿದ್ವಿ. ಹೇಗೂ ಬಾನೆಟ್ ತೆಗೆದಿದೆಯಲ್ಲ ಅಂತ ಥ್ರಾಟಲ್ ಬಾಡಿ ಬಿಚ್ಚಿ ಕ್ಲೀನರ್ ಹೊಡೆದು, ಹೊಸ ಪ್ಯಾಕಿಂಗ್ ಹಾಕಿ ಕೂರಿಸಿದ್ವಿ. ಆಕ್ಸಿಲರೇಟರ್ ಕೇಬಲ್ ಕೂಡ ಹೊಸದೇ. ‘ಹೇಗೂ’ ಅನ್ನೋ ಪದದಿಂದಲೇ ಎಲ್ಲ ಶುರುವಾಗೋದು.

ಸ್ಟಾರ್ಟ್ ಮಾಡಿದ್ವಿ. ಮೊದಲು ಐಡ್ಲಿಂಗ್ 850ರ ಆಸುಪಾಸಿನಲ್ಲಿ ಇರ್ತಿತ್ತು. ಈಗ 1400. ಬಿಸಿಯಾದ ಮೇಲೆ ಇಳಿಯುತ್ತೆ ಅಂತ ಕಾದ್ವಿ. ಇಪ್ಪತ್ತು ನಿಮಿಷ ಆದರೂ ಮುಳ್ಳು ಅಲ್ಲಾಡಲಿಲ್ಲ.

ಐಡ್ಲಿಂಗ್ ಜಾಸ್ತಿ ಇದ್ರೆ ಏನ್ ಮಹಾ, ಸ್ವಲ್ಪ ಪೆಟ್ರೋಲ್ ಜಾಸ್ತಿ ಕುಡಿಯುತ್ತೆ ಅಷ್ಟೇ ಅಂದ್ಕೊಂಡಿದ್ದೆ. ಅಷ್ಟೇ ಅಲ್ಲ. ಮೊದಲ ಗೇರಿನಲ್ಲಿ ಕ್ಲಚ್ ಬಿಡುತ್ತಿದ್ದಂತೆ ಗಾಡಿ ತಾನಾಗೇ ಮುನ್ನುಗ್ಗುತ್ತೆ. ಇಳಿಜಾರಲ್ಲಿ ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ಬ್ರೇಕಿಂಗ್ ಸಿಗೋದಿಲ್ಲ. ನಮ್ಮಪ್ಪ ವಾರಕ್ಕೊಂದು ಸಲ ಶಿರಾಡಿ ಘಾಟ್ ಇಳಿದು ಮಂಗಳೂರಿಗೆ ಹೋಗೋರು. ಅವರ ಕೈಗೆ ಈ ಗಾಡಿ ಕೊಡೋಕೆ ನನಗೇ ಧೈರ್ಯ ಬರಲಿಲ್ಲ.

ನಾವು ಮಾಡಿದ ಮೊದಲ ತಪ್ಪು ಎಲ್ಲರೂ ಮಾಡೋ ತಪ್ಪೇ. ಯಾವ ಪಾರ್ಟ್ ಹೋಗಿದೆ ಅಂತ ಕೇಳ್ಕೊಂಡ್ವಿ. ಐಡ್ಲಿಂಗ್ ನೋಡ್ಕೊಳ್ಳೋದು ಐಡಲ್ ಕಂಟ್ರೋಲ್ ವಾಲ್ವ್, ಅಂದ್ರೆ ಅದೇ ಹೋಗಿರಬೇಕು. ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ ಹಳೇದೊಂದನ್ನು 1800 ರೂಪಾಯಿಗೆ ತಂದೆ. ಹಾಕಿದ್ವಿ. 1400 ಹಾಗೇ ಇತ್ತು.

ಎರಡನೇ ತಪ್ಪು ಇನ್ನೂ ಕೆಟ್ಟದ್ದು. ಥ್ರಾಟಲ್ ಲಿವರ್ ಪಕ್ಕದಲ್ಲಿ ಒಂದು ಸಣ್ಣ ಸ್ಕ್ರೂ ಇರುತ್ತೆ, ತಲೆ ಮೇಲೆ ಕಂಪನಿಯವರು ಬಣ್ಣದ ಚುಕ್ಕೆ ಇಟ್ಟಿರ್ತಾರೆ. ಆ ಚುಕ್ಕೆಯ ಅರ್ಥ ‘ಮುಟ್ಟಬೇಡ’ ಅಂತ. ಬಟರ್‌ಫ್ಲೈ ತಟ್ಟೆ ಪೂರ್ತಿ ಮುಚ್ಚಿ ಗೋಡೆಗೆ ಕಚ್ಚಿಕೊಳ್ಳದ ಹಾಗೆ ತಡೆಯೋದು ಅದರ ಕೆಲಸ, ಐಡ್ಲಿಂಗ್ ಏರಿಸಿ ಇಳಿಸೋದಲ್ಲ. ನಾವು ಸಡಿಲ ಮಾಡಿದ್ವಿ, ಇಳೀಲಿಲ್ಲ. ವಾಪಸ್ ಬಿಗಿ ಮಾಡುವಾಗ ಎಷ್ಟು ಸುತ್ತು ಅನ್ನೋದು ಇಬ್ಬರಿಗೂ ನೆನಪಿಲ್ಲ. ಅಂದಾಜಿನಲ್ಲಿ ತಿರುಗಿಸಿದ್ವಿ. ಈಗ 1800.

ಮೂರನೇದು ತಪ್ಪು ಅನ್ನೋದಕ್ಕಿಂತ ಅರೆ ಜ್ಞಾನ. ಗೆಳೆಯ ಎಲ್ಲಿಂದಲೋ ಒಂದು ವ್ಯಾಕ್ಯೂಮ್ ಗೇಜ್ ತಂದ. ಮ್ಯಾನಿಫೋಲ್ಡಿಗೆ ಹಾಕಿದ್ರೆ 16 ಇಂಚು ಪಾದರಸದ ಹತ್ತಿರ ತೋರಿಸ್ತು. ಆರೋಗ್ಯವಾಗಿರೋ ಎಂಜಿನ್ 18ರಿಂದ 21 ತೋರಿಸಬೇಕು ಅಂತ ಚಾರ್ಟ್ ಹೇಳ್ತಿತ್ತು. ಕಂಪ್ರೆಷನ್ ಬಿದ್ದಿದೆ, ಎಂಜಿನ್ ಮುಗೀತು ಅಂತ ತೀರ್ಮಾನಿಸಿ ಅಪ್ಪನಿಗೂ ಹೇಳಿಬಿಟ್ಟೆ. ಅವರು ಸುಮ್ಮನೆ ಕೇಳಿಸಿಕೊಂಡು, ‘ಹಂಗಾದ್ರೆ ಗುಜರಿಗೆ ಕೊಟ್ಬಿಡೋಣ್ವಾ?’ ಅಂದ್ರು.

ಇಲ್ಲಿ ನಿಲ್ಲಿ. ಆ ಚಾರ್ಟ್ ಸಮುದ್ರಮಟ್ಟದ್ದು. ಮಂಗಳೂರಲ್ಲಿ ನಿಂತರೆ ಸರಿ. ಹಾಸನ ಸಮುದ್ರಮಟ್ಟದಿಂದ 900 ಮೀಟರಿಗಿಂತ ಎತ್ತರದಲ್ಲಿದೆ. ಸುಮಾರು 300 ಮೀಟರ್ ಏರಿದರೆ ಗಾಳಿಯ ಒತ್ತಡ ಒಂದು ಇಂಚಿನಷ್ಟು ಇಳಿಯುತ್ತೆ. ಗೇಜ್ ತೋರಿಸೋದು ಹೊರಗಿನ ಒತ್ತಡಕ್ಕೂ ಮ್ಯಾನಿಫೋಲ್ಡ್ ಒತ್ತಡಕ್ಕೂ ಇರುವ ವ್ಯತ್ಯಾಸ. ಹೊರಗಿನದೇ ಮೂರು ಇಂಚು ಕಡಿಮೆ ಇದ್ದ ಮೇಲೆ ನಮ್ಮೂರಲ್ಲಿ 15ರಿಂದ 18 ಬಂದರೆ ಎಂಜಿನ್ ಗಟ್ಟಿ ಅಂತಲೇ ಅರ್ಥ. ಬೆಂಗಳೂರಿಗೂ ಮೈಸೂರಿಗೂ ಹೆಚ್ಚು ಕಮ್ಮಿ ಇದೇ ಲೆಕ್ಕ. ಅಬ್ಸಲ್ಯೂಟ್ ಪ್ರೆಷರ್, ಗೇಜ್ ಪ್ರೆಷರ್ ವ್ಯತ್ಯಾಸವನ್ನು ಎರಡು ಮಾರ್ಕಿನ ಪ್ರಶ್ನೆಗೆ ಎಷ್ಟೋ ಸಲ ಬರೆದಿದ್ದೀನಿ. ಅದೇ ವಿಷಯದಲ್ಲಿ ಎಡವಿ ಮನೆಯ ಕಾರನ್ನು ಗುಜರಿಗೆ ಹಾಕಿಸ್ತಿದ್ದೆ.

ಕೊನೆಗೆ ಅಪ್ಪ ಅವರ ಪರಿಚಯದ ಮೇಸ್ತ್ರಿಯನ್ನ ಕರೆಸಿದರು. ಅರವತ್ತು ದಾಟಿದೋರು. ಬಾನೆಟ್ ಕೆಳಗೆ ಬಗ್ಗಿ ಅವರು ಕೇಳಿದ ಮೊದಲ ಪ್ರಶ್ನೆ, ‘ಮರಿ, ಗಾಳಿ ಎಲ್ಲಿಂದ ಬರ್ತಿದೆ?’

‘ವಾಲ್ವ್ ಹೊಸದು ಹಾಕಿದ್ದೀನಿ ಅಣ್ಣ.’

‘ನಾನು ವಾಲ್ವ್ ಕೇಳ್ಲಿಲ್ಲ. ಗಾಳಿ ಕೇಳ್ದೆ.’

ಪೆಟ್ರೋಲ್ ಎಂಜಿನ್ನಿನ ಐಡ್ಲಿಂಗ್ ಅಂದ್ರೆ ಗಾಳಿಯ ಲೆಕ್ಕ. ಖಾಲಿ ನಿಂತ ಎಂಜಿನ್ ಮಾಡೋ ಕೆಲಸ ತನ್ನದೇ ಘರ್ಷಣೆಯನ್ನ ಗೆಲ್ಲೋದು, ಜೊತೆಗೆ ಆಲ್ಟರ್ನೇಟರ್, ವಾಟರ್ ಪಂಪ್ ತಿರುಗಿಸೋದು. ಒಂದು ಸುತ್ತಿಗೆ ಇಷ್ಟು ಕೆಲಸ, ಅದಕ್ಕೆ ಇಷ್ಟು ಗಾಳಿ ಅಂತ ಹೆಚ್ಚು ಕಮ್ಮಿ ನಿಗದಿ. ಸೆಕೆಂಡಿಗೆ ಒಳಬರುವ ಗಾಳಿ ಹೆಚ್ಚಿದರೆ ಸುತ್ತುಗಳೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತವೆ. ಪೆಟ್ರೋಲ್ ಹಿಂದೆಯೇ ಬರುತ್ತೆ. ಈ ಎಂಜಿನ್ನಿನಲ್ಲಿರೋದು ಮ್ಯಾಪ್ ಸೆನ್ಸರ್, ಮ್ಯಾನಿಫೋಲ್ಡಿನ ಒತ್ತಡ ಅಳೆದು ಎಷ್ಟು ಗಾಳಿ ಬಂತು ಅಂತ ಇಸಿಯು ಊಹಿಸುತ್ತೆ. ಸರಿಯಾದ ದಾರಿಯಲ್ಲಿ ಬಂದ ಗಾಳಿ, ಕಳ್ಳದಾರಿಯಲ್ಲಿ ಬಂದ ಗಾಳಿ ಅನ್ನೋ ಭೇದ ಅದಕ್ಕಿಲ್ಲ, ಎರಡಕ್ಕೂ ಪೆಟ್ರೋಲ್ ಹಾಕುತ್ತೆ. ಹಾಗಾಗಿ ಲೀಕ್ ಆದರೆ ರೇಸ್ ಏರುತ್ತೆ. ಏರ್ ಫಿಲ್ಟರ್ ಹತ್ತಿರ ಹರಿವನ್ನೇ ಅಳೆಯೋ ಮಾಸ್ ಏರ್ ಫ್ಲೋ ಸೆನ್ಸರ್ ಇರೋ ಕಾರುಗಳಲ್ಲಿ ಕಥೆ ಬೇರೆ. ಕಳ್ಳದಾರಿಯ ಗಾಳಿ ಅದರ ಕಣ್ಣಿಗೆ ಬೀಳೋದಿಲ್ಲ, ಪೆಟ್ರೋಲ್ ಕಮ್ಮಿಯಾಗಿ ಎಂಜಿನ್ ನಡುಗುತ್ತೆ. ಅದಕ್ಕೇ ಒಂದು ಕಾರಿನ ಅನುಭವವನ್ನ ಇನ್ನೊಂದಕ್ಕೆ ಹಾಕಬಾರದು.

ಎಷ್ಟು ಗಾಳಿ? ಕೂತು ಲೆಕ್ಕ ಹಾಕಿದೆ. ಫೋರ್ ಸ್ಟ್ರೋಕ್ ಆದ್ದರಿಂದ ಎರಡು ಸುತ್ತಿಗೆ ಒಮ್ಮೆ 1.298 ಲೀಟರ್. 850 ಆರ್‌ಪಿಎಂನಲ್ಲಿ ಸೆಕೆಂಡಿಗೆ 9.2 ಲೀಟರ್. ಮ್ಯಾನಿಫೋಲ್ಡ್ ಒತ್ತಡ 35 ಕಿಲೋಪಾಸ್ಕಲ್ ಇದ್ದರೆ ಅಲ್ಲಿನ ಗಾಳಿಯ ಸಾಂದ್ರತೆ ಲೀಟರಿಗೆ 0.39 ಗ್ರಾಂ. ವಾಲ್ಯುಮೆಟ್ರಿಕ್ ಎಫಿಷಿಯನ್ಸಿ 0.7 ಅಂತ ಹಿಡಿದರೆ ಸೆಕೆಂಡಿಗೆ ಸುಮಾರು 2.5 ಗ್ರಾಂ. ಇಷ್ಟೇ ಇಷ್ಟು. ಒಂದು ಟನ್ನಿನ ಹತ್ತಿರ ತೂಗೋ ಗಾಡಿ ಎರಡೂವರೆ ಗ್ರಾಂ ಗಾಳಿಯಲ್ಲಿ ಉಸಿರಾಡ್ತಿರುತ್ತೆ.

ಈಗ ಒಂದು ತೂತಿನ ಲೆಕ್ಕ. ಹೊರಗೆ 91 ಕಿಲೋಪಾಸ್ಕಲ್, ಒಳಗೆ 35. ಅನುಪಾತ 0.38. ಗಾಳಿಗೆ ಕ್ರಿಟಿಕಲ್ ಪ್ರೆಷರ್ ರೇಶಿಯೋ 0.528 ಅಂತ ಫ್ಲೂಯಿಡ್ಸ್‌ನಲ್ಲಿ ಓದಿದ್ದೀವಲ್ಲ, ಅದಕ್ಕಿಂತ ಕೆಳಗೆ. ಅಂದ್ರೆ ತೂತಿನಲ್ಲಿ ಹರಿವು ಚೋಕ್ ಆಗಿದೆ, ಗಾಳಿ ಶಬ್ದದ ವೇಗದಲ್ಲಿ ನುಗ್ತಿದೆ. ಆ ಉಸ್ ಅನ್ನೋ ಸದ್ದು ಅದರದ್ದೇ. ಈ ಸ್ಥಿತಿಯಲ್ಲಿ ಪ್ರತಿ ಚದರ ಮಿಲಿಮೀಟರಿಗೆ ಸೆಕೆಂಡಿಗೆ ಸುಮಾರು 0.21 ಗ್ರಾಂ ಒಳಗೆ ಹೋಗುತ್ತೆ. 4 ಮಿ.ಮೀ. ತೂತಿನ ಕ್ಷೇತ್ರ 12.6 ಚದರ ಮಿ.ಮೀ. ಡಿಸ್ಚಾರ್ಜ್ ಕೋಎಫಿಷಿಯಂಟ್ 0.8 ಹಾಕಿದರೆ 2.1 ಗ್ರಾಂ. ಬಾಲ್‌ಪೆನ್ನಿನ ರೀಫಿಲ್‌ಗಿಂತ ಸ್ವಲ್ಪ ದಪ್ಪದ ಒಂದು ತೂತು ಇಡೀ ಐಡ್ಲಿಂಗಿನ ಮುಕ್ಕಾಲು ಪಾಲಿಗಿಂತ ಹೆಚ್ಚು ಗಾಳಿ ಕುಡಿಸಬಲ್ಲದು. ಇದನ್ನ ಮೊದಲೇ ಲೆಕ್ಕ ಹಾಕಿದ್ದಿದ್ರೆ ಜೆ.ಸಿ. ರಸ್ತೆಗೆ ಹೋಗ್ತಿರಲಿಲ್ಲ.

ಮೇಸ್ತ್ರಿಗೆ ಈ ಅಂಕಿಗಳು ಬೇಕಾಗಿರಲಿಲ್ಲ. ಅವರು ಮೊದಲು ಕೇಬಲ್ ಹಿಡಿದು ಅಲ್ಲಾಡಿಸಿ ಸ್ವಲ್ಪ ಸಡಿಲ ಇದೆಯಾ ನೋಡಿದರು, ಇತ್ತು. ಆಮೇಲೆ ಸ್ಕ್ರೂ ಕಡೆ ನೋಡಿ ನನ್ನ ಕಡೆ ನೋಡಿದರು. ನಾನು ಗೆಳೆಯನ ಕಡೆ ನೋಡಿದೆ. ಒಡೆದ ಬಣ್ಣದ ಚುಕ್ಕೆಯ ಎರಡು ತುಂಡುಗಳೂ ಮತ್ತೆ ಕೂಡೋ ತನಕ ನಿಧಾನಕ್ಕೆ ತಿರುಗಿಸಿದರು. ರೇಸ್ 1800ರಿಂದ 1400ಕ್ಕೆ ಬಂತು. ‘ಇದು ನಿಮ್ದು. ಈಗ ಗಾಡೀದು ನೋಡೋಣ’ ಅಂದ್ರು.

ಏರ್ ಫಿಲ್ಟರಿನಿಂದ ಬರೋ ದಪ್ಪ ಪೈಪನ್ನ ಥ್ರಾಟಲ್ ಬಾಯಿಂದ ಬಿಚ್ಚಿದರು. ಬಟರ್‌ಫ್ಲೈ ತಟ್ಟೆಗೆ ಮುಂಚೆ ಒಳಗೋಡೆಯಲ್ಲಿ ಒಂದು ಸಣ್ಣ ಕಿಂಡಿ ಇದೆ. ಐಡಲ್ ಕಂಟ್ರೋಲ್ ವಾಲ್ವಿಗೆ ಗಾಳಿ ಹೋಗೋದು ಅದರ ಮೂಲಕ. ಎಂಜಿನ್ ಓಡ್ತಿರುವಾಗಲೇ ಅದನ್ನ ಹೆಬ್ಬೆರಳಲ್ಲಿ ಮುಚ್ಚಿದರು. 1400 ಇದ್ದದ್ದು 1150ರ ಹತ್ತಿರ ಇಳಿದು ನಿಂತಿತು. ಚೆನ್ನಾಗಿರೋ ಗಾಡಿಯಲ್ಲಿ ಇದನ್ನ ಮುಚ್ಚಿದರೆ ಎಂಜಿನ್ 850ಕ್ಕಿಂತ ಕೆಳಗಿಳಿದು ಒದ್ದಾಡಬೇಕು ಅಥವಾ ನಿಂತೇ ಹೋಗಬೇಕು. ವಾಲ್ವಿನ ದಾರಿ ಪೂರ್ತಿ ಬಂದಾದರೂ 1150 ಓಡ್ತಿದೆ ಅಂದ್ರೆ ವಾಲ್ವ್ ಒಂದೇ ತಪ್ಪಿತಸ್ಥ ಅಲ್ಲ. ಆದ್ರೆ 250 ಸುತ್ತಿನಷ್ಟು ಗಾಳಿ ಆ ದಾರಿಯಿಂದಲೂ ಬರ್ತಿತ್ತು. ಅದನ್ನ ನೆನಪಿಟ್ಟುಕೊಳ್ಳಿ.

ಮುಂದಿನ ಪರೀಕ್ಷೆ ನನಗೆ ಬಹಳ ಇಷ್ಟವಾದದ್ದು. ಒಂದು ದಪ್ಪ ರಬ್ಬರ್ ಶೀಟನ್ನ ಥ್ರಾಟಲ್ಲಿನ ಇಡೀ ಬಾಯಿಗೆ ಒತ್ತಿದರು. (ಅಂಗೈ ಇಡಬೇಡಿ, ಎಳೆತ ಜೋರಿರುತ್ತೆ.) ಉಸಿರು ಕಟ್ಟಿದರೆ ಎಂಜಿನ್ ಸಾಯಬೇಕು ತಾನೆ? ಸಾಯಲಿಲ್ಲ. 700ರ ಹತ್ತಿರ ಕುಂಟ್ತಾ ಕುಂಟ್ತಾ ಓಡ್ತಾನೇ ಇತ್ತು. ಅಂದ್ರೆ ಥ್ರಾಟಲ್ ದಾಟಿದ ಮೇಲೆ ಎಲ್ಲೋ ಗಾಳಿ ಒಳಗೆ ಬರ್ತಿದೆ. ಒಂದೇ ನಿಮಿಷದಲ್ಲಿ ಹುಡುಕಬೇಕಾದ ಜಾಗ ಅರ್ಧ ಆಯ್ತು. ಕಂಪ್ಯೂಟರ್ ಸೈನ್ಸ್‌ನವರು ಇದಕ್ಕೆ ಬೈನರಿ ಸರ್ಚ್ ಅಂತಾರೆ. ಮೇಸ್ತ್ರಿ ಏನೂ ಅನ್ನಲಿಲ್ಲ.

ಆಮೇಲೆ ಮ್ಯಾನಿಫೋಲ್ಡಿಗೆ ಸೇರೋ ಹೋಸ್‌ಗಳನ್ನ ಒಂದೊಂದಾಗಿ ಇಕ್ಕಳದಲ್ಲಿ, ಬಟ್ಟೆ ಸುತ್ತಿ, ಅದುಮ್ತಾ ಬಂದರು. ಮೊದಲು ಬ್ರೇಕ್ ಬೂಸ್ಟರಿನದ್ದು. ಅದು ಲೀಕ್ ಆಗಿದ್ರೆ ಐಡ್ಲಿಂಗ್ ಸಣ್ಣ ವಿಷಯ, ಬ್ರೇಕ್ ಪೆಡಲ್ ಕಲ್ಲಾಗಿಬಿಡುತ್ತೆ. ಅದು ಸರಿ ಇತ್ತು. ಪಿಸಿವಿ ಹೋಸ್, ಸರಿ. ನಮ್ಮ ಹೊಸ ಪ್ಯಾಕಿಂಗ್ ಸುತ್ತ ಸೋಪಿನ ನೀರು ಚಿಮುಕಿಸಿದರು, ಏನೂ ಬದಲಾಗಲಿಲ್ಲ. ಊದುಬತ್ತಿ ಹೊಗೆ ಹಿಡಿದ್ರೆ ಕಾಣಲ್ವಾ ಅಂತ ಗೆಳೆಯ ಕೇಳಿದ. ಪೆಟ್ರೋಲ್ ಪೈಪ್ ಪಕ್ಕ ಬೆಂಕಿ ತರ್ತೀಯಾ ಅಂತ ಬೈಸ್ಕೊಂಡ. ಕಾರ್ಬ್ ಕ್ಲೀನರ್ ಸ್ಪ್ರೇ ಮಾಡಿ ಲೀಕ್ ಹುಡುಕೋ ವೀಡಿಯೋಗಳು ಬೇಕಾದಷ್ಟಿವೆ. ಕಾದ ಎಕ್ಸಾಸ್ಟ್ ಮೇಲೆ ಆ ಸ್ಪ್ರೇ ಬಿದ್ದರೆ ಹೊತ್ತಿಕೊಳ್ಳುತ್ತೆ. ಸೋಪಿನ ನೀರು ಸಾಕು.

ಸಿಕ್ಕಿದ್ದು ಕಿವಿಯಿಂದ. ಒಂದು ಮಾರು ರಬ್ಬರ್ ಪೈಪಿನ ಒಂದು ತುದಿ ಕಿವಿಗಿಟ್ಟು, ಇನ್ನೊಂದು ತುದಿಯನ್ನ ಮ್ಯಾನಿಫೋಲ್ಡ್ ಸುತ್ತ ಆಡಿಸಿದರು. ಹಿಂಬದಿ, ಕೆಳಗಡೆ, ಕಣ್ಣಿಗೆ ಕಾಣದ ಜಾಗದಲ್ಲಿ ಉಸ್ ಅಂತು. ಅಲ್ಲೊಂದು ನಿಪ್ಪಲ್, ಉಪಯೋಗಿಸದೆ ರಬ್ಬರ್ ಕ್ಯಾಪ್ ಹಾಕಿ ಮುಚ್ಚಿದ್ದು. ಥ್ರಾಟಲ್ ಬಾಡಿ ಬಿಚ್ಚುವಾಗ ನಮ್ಮ ಕೈ ತಾಗಿ ಇಪ್ಪತ್ತು ವರ್ಷದ ಆ ರಬ್ಬರ್ ಹಪ್ಪಳದ ಹಾಗೆ ಮುರಿದಿತ್ತು. ಬಾಯಿ ಸುಮಾರು 4 ಮಿ.ಮೀ.

ನಾನು ಖುಷಿಯಿಂದ ಅದರ ಮೇಲೆ ಬೆರಳಿಟ್ಟೆ. ಮುಳ್ಳು ಧಡಕ್ಕನೆ ಇಳೀತು. ಎರಡು ಸೆಕೆಂಡಿನಲ್ಲಿ ಮತ್ತೆ ಏರಿ 1400ಕ್ಕೇ ಬಂದು ಕೂತಿತು.

ಈ ಲೇಖನ ಬರೆಯೋಕೆ ಕಾರಣವಾದದ್ದು ಈ ಎರಡು ಸೆಕೆಂಡು. ನಾನು ಒಬ್ಬನೇ ಇದ್ದಿದ್ರೆ ‘ಓ, ಲೀಕ್ ಕಾರಣ ಅಲ್ಲ’ ಅಂತ ಬೆರಳು ತೆಗೆದು ಬೇರೆ ಪಾರ್ಟ್ ಹುಡುಕೋಕೆ ಹೋಗ್ತಿದ್ದೆ. ಮೇಸ್ತ್ರಿ ಮಾತ್ರ ‘ಗಾಡಿಗೇ 1400 ಬೇಕಂತೆ ಕಣೋ, ಅದ್ಯಾಕೆ ಬೇಕು ಅಂತ ಕೇಳು’ ಅಂದ್ರು.

ಐಡ್ಲಿಂಗ್ ಒಂದು ಕ್ಲೋಸ್ಡ್ ಲೂಪ್. ಇಸಿಯು ಬಳಿ ಒಂದು ಸೆಟ್ ಪಾಯಿಂಟ್ ಇದೆ, ಅಲ್ಲಿಗೆ ತಲುಪೋ ತನಕ ವಾಲ್ವ್ ತೆರೆಯುತ್ತೆ, ಮುಚ್ಚುತ್ತೆ. ನಾನು ಲೀಕ್ ಮುಚ್ಚಿದೆ, ಅಷ್ಟೇ ಗಾಳಿಯನ್ನ ಅದು ವಾಲ್ವಿನಿಂದ ತಗೊಂಡಿತು. ಜೆ.ಸಿ. ರಸ್ತೆಯ ವಾಲ್ವ್ ಹಾಕಿದಾಗಲೂ ಹೀಗೇ ಆಗಿದ್ದು. ಇಸಿಯು ಹೇಳಿದಷ್ಟು ತೆರೆಯೋಕೆ ಹಳೇ ವಾಲ್ವಾದರೇನು, ಹೊಸದಾದರೇನು. ಎರಡು ದೋಷ ಇರೋ ಲೂಪಿನಲ್ಲಿ ಒಂದನ್ನ ಸರಿಮಾಡಿದರೆ ಔಟ್‌ಪುಟ್ ಬದಲಾಗಬೇಕು ಅಂತೇನಿಲ್ಲ. ಹಾಗಾಗಿ ‘ಪಾರ್ಟ್ ಬದಲಾಯಿಸಿದೆ, ವ್ಯತ್ಯಾಸ ಬರಲಿಲ್ಲ, ಆದ್ದರಿಂದ ಆ ಪಾರ್ಟ್ ಸರಿ ಇತ್ತು’ ಅನ್ನೋ ತರ್ಕ ಇಲ್ಲಿ ನಡೆಯಲ್ಲ. ಎರಡು ಪ್ರಶ್ನೆ ಬೇರೆ ಬೇರೆ ಕೇಳಬೇಕು: ಇಸಿಯು ಎಷ್ಟು ಕೇಳ್ತಿದೆ? ಅದು ಕೇಳದೇ ಎಷ್ಟು ಗಾಳಿ ಬರ್ತಿದೆ?

ಎಂಜಿನ್ ಬಿಸಿಯಾದ ಮೇಲೂ ಇಸಿಯು 1400 ಯಾಕೆ ಕೇಳುತ್ತೆ? ಎಸಿ ಆನ್ ಇದ್ದರೆ ಸ್ವಲ್ಪ ಏರಿಸುತ್ತೆ, ಅದು ಆಫ್ ಇತ್ತು. ಉಳಿದದ್ದು ಎಂಜಿನ್ ತಣ್ಣಗಿದೆ ಅನ್ನೋ ನಂಬಿಕೆ. ಅದನ್ನ ಹೇಳೋದು ಕೂಲಂಟ್ ಟೆಂಪರೇಚರ್ ಸೆನ್ಸರ್, ಬಿಸಿಯಾದಷ್ಟೂ ರೆಸಿಸ್ಟೆನ್ಸ್ ಇಳಿಯೋ ಥರ್ಮಿಸ್ಟರ್. 20 ಡಿಗ್ರಿಯಲ್ಲಿ ಸುಮಾರು ಎರಡೂವರೆ ಕಿಲೋ ಓಮ್, 80ರಲ್ಲಿ ಸುಮಾರು 300 ಓಮ್ ಇರಬೇಕು. ಎಂಜಿನ್ ಆಫ್ ಮಾಡಿ, ಕನೆಕ್ಟರ್ ತೆಗೆದು ಲ್ಯಾಬಿನ ಮಲ್ಟಿಮೀಟರ್ ಇಟ್ಟೆ. (ಹೌದು, ರಜೆಗೆ ಎತ್ಕೊಂಡು ಬಂದಿದ್ದೆ, ವಾಪಸ್ ಇಟ್ಟಿದ್ದೀನಿ.) 1.1 ಕಿಲೋ ಓಮ್. ಮುಟ್ಟಿದರೆ ಕೈ ಸುಡೋ ಎಂಜಿನ್, 40 ಡಿಗ್ರಿ ಆಸುಪಾಸು ಅಂತ ಹೇಳ್ತಿದೆ.

‘ಸೆನ್ಸರ್ ಹೋಗಿದೆ ಅಣ್ಣ, ಹೊಸದು ತರ್ತೀನಿ’ ಅಂದೆ. ಅಭ್ಯಾಸಬಲ.

‘ಕೂಲಂಟ್ ತುಂಬಿದ್ಮೇಲೆ ಗಾಳಿ ತೆಗೆದ್ಯಾ?’

ತೆಗೆದಿರಲಿಲ್ಲ. ತೆಗೀಬೇಕು ಅನ್ನೋದೇ ಗೊತ್ತಿರಲಿಲ್ಲ. ಕೂಲಂಟ್ ಚೆಲ್ಲಿ ಮತ್ತೆ ತುಂಬಿದಾಗ ಎಂಜಿನ್ನಿನ ಎತ್ತರದ ಜಾಗದಲ್ಲಿ ಗಾಳಿಯ ಗುಳ್ಳೆ ಸಿಕ್ಕಿಕೊಳ್ಳುತ್ತೆ. ಸೆನ್ಸರಿನ ತುದಿ ದ್ರವದಲ್ಲಿ ಮುಳುಗಿರೋ ಬದಲು ಆ ಗುಳ್ಳೆಯಲ್ಲಿ ನೇತಾಡ್ತಿತ್ತು. ಗಾಳಿಯಿಂದ ಲೋಹಕ್ಕೆ ಶಾಖ ದಾಟೋದು ದ್ರವಕ್ಕಿಂತ ಎಷ್ಟು ಕಡಿಮೆ ಅಂತ ಹೀಟ್ ಟ್ರಾನ್ಸ್‌ಫರ್ ಓದಿದೋರಿಗೆ ಹೇಳಬೇಕಿಲ್ಲ. ಐಡ್ಲಿಂಗ್ ಏರಿದ್ದು ಇದರಲ್ಲಿ ಸಣ್ಣ ಭಾಗ. ಗುಳ್ಳೆ ಇರೋ ಕಡೆ ಸಿಲಿಂಡರ್ ಹೆಡ್ ತಣಿಯೋದಿಲ್ಲ, ಅಲ್ಯೂಮಿನಿಯಂ ಹೆಡ್ ಸೊಟ್ಟಗಾದರೆ ಖರ್ಚು ಗಾಡಿಯ ಬೆಲೆಯನ್ನೇ ಮುಟ್ಟುತ್ತೆ. ಅಪ್ಪ ಅದೇ ವಾರ ಘಾಟ್ ಹತ್ತಿಸಿದ್ರೆ ಏನಾಗ್ತಿತ್ತು ಅನ್ನೋದನ್ನ ಮೇಸ್ತ್ರಿ ಅವರ ಎದುರು ಹೇಳಲಿಲ್ಲ, ನನಗೆ ಆಮೇಲೆ ಪಕ್ಕಕ್ಕೆ ಕರೆದು ಹೇಳಿದರು.

ಗಾಳಿ ತೆಗೆಯೋ ಕೆಲಸ ಕಷ್ಟದ್ದಲ್ಲ, ತಾಳ್ಮೆಯದ್ದು. ಎಂಜಿನ್ ಪೂರ್ತಿ ತಣ್ಣಗಾಗೋ ತನಕ ರೇಡಿಯೇಟರ್ ಕ್ಯಾಪ್ ಮುಟ್ಟಬಾರದು. ಬಿಸಿ ಇದ್ದಾಗ ತೆರೆದರೆ ಮುಖಕ್ಕೆ ಚಿಮ್ಮುತ್ತೆ, ಇದರಲ್ಲಿ ಧೈರ್ಯ ತೋರಿಸಬೇಡಿ. ತಣ್ಣಗಾದ ಮೇಲೆ ಗೇಟಿನ ಮುಂದಿನ ಏರಿನಲ್ಲಿ ಗಾಡಿಯ ಮೂತಿ ಮೇಲಿರೋ ಹಾಗೆ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ವಿ. ಒಳಗಿನ ಹೀಟರನ್ನ ಪೂರ್ತಿ ಬಿಸಿಗೆ ತಿರುಗಿಸಿದ್ವಿ. ಕ್ಯಾಪ್ ತೆಗೆದು ಸ್ಟಾರ್ಟ್ ಮಾಡಿ, ಥರ್ಮೋಸ್ಟಾಟ್ ತೆರೆಯೋ ತನಕ ಕಾದು, ಗುಳುಗುಳು ಅಂತ ಗುಳ್ಳೆ ಬಂದಂತೆಲ್ಲ ಕೂಲಂಟ್ ಸುರಿದ್ವಿ. ಮುಕ್ಕಾಲು ಲೀಟರ್ ಹಿಡೀತು. ಅಷ್ಟು ಖಾಲಿ ಇತ್ತು ಒಳಗೆ.

ಕುತೂಹಲಕ್ಕೆ ನಿಪ್ಪಲ್ಲಿಗೆ ಇನ್ನೂ ಕ್ಯಾಪ್ ಹಾಕದೆ ನೋಡಿದ್ವಿ. ಸೆನ್ಸರ್ ಈಗ 300 ಓಮ್. ಇಸಿಯು 850 ಕೇಳಿತು, ವಾಲ್ವ್ ಪೂರ್ತಿ ಮುಚ್ಚಿತು. ಆದರೂ ಐಡ್ಲಿಂಗ್ 1150. ಹೆಬ್ಬೆರಳಿನ ಪರೀಕ್ಷೆಯಲ್ಲಿ ಕಂಡ ಅದೇ ಅಂಕಿ. ಮುಚ್ಚೋಕೆ ಇನ್ನೇನೂ ಉಳಿಯದೆ ಕಂಟ್ರೋಲರ್ ಸ್ಯಾಚುರೇಟ್ ಆಗಿತ್ತು. ಕ್ಯಾಪ್ ಹಾಕಿದ್ವಿ. ಮುಳ್ಳು ಇಳಿದು 850ರಲ್ಲಿ ನಿಂತಿತು. ಎಂಜಿನ್ ಆನ್ ಇದೆಯಾ ಅಂತ ಅಮ್ಮ ಒಳಗಿಂದ ಕೇಳಿದ್ರು.

ಸ್ಕ್ಯಾನರ್ ಹಾಕಿದ್ರೆ ಇಷ್ಟೆಲ್ಲ ಬೇಕಿತ್ತಾ ಅಂತ ಕೇಳಬಹುದು. 2001ರ ಗಾಡಿಗೆ ನಮ್ಮ ಅಗ್ಗದ ಬ್ಲೂಟೂತ್ ಡಾಂಗಲ್ ಭಾಷೆ ಬರೋದಿಲ್ಲ, ನಮ್ಮ ದೇಶದಲ್ಲಿ ಓಬಿಡಿ ಕಡ್ಡಾಯ ಆಗಿದ್ದೇ ಬಿಎಸ್ 4 ಕಾಲದಲ್ಲಿ. ಹೊಸ ಕಾರಾದರೆ ಮೊದಲು ಕೂಲಂಟ್ ತಾಪ ಎಷ್ಟು ಓದ್ತಿದೆ ನೋಡಿ, ಅರ್ಧ ಕೆಲಸ ಅಲ್ಲೇ ಆಗುತ್ತೆ. ಕೇಬಲ್ ಇಲ್ಲದ ಡ್ರೈವ್ ಬೈ ವೈರ್ ಕಾರುಗಳಲ್ಲಿ ಇನ್ನೊಂದಿದೆ. ಕೊಳೆ ತುಂಬಿದ ಥ್ರಾಟಲ್ಲಿಗೆ ಹೊಂದಿಕೊಂಡು ಇಸಿಯು ತಟ್ಟೆಯನ್ನ ಸ್ವಲ್ಪ ಹೆಚ್ಚು ತೆರೆಯೋದನ್ನ ಕಲಿತಿರುತ್ತೆ. ನೀವು ಕೊಳೆ ತೆಗೆದರೆ ಅದೇ ತೆರೆತಕ್ಕೆ ಹೆಚ್ಚು ಗಾಳಿ ನುಗ್ಗಿ ರೇಸ್ ಏರುತ್ತೆ. ಅಲ್ಲಿ ಹಾಳಾಗಿದ್ದು ಏನೂ ಇಲ್ಲ, ಐಡಲ್ ರೀಲರ್ನ್ ಮಾಡಿಸಬೇಕು ಅಷ್ಟೇ.

ನಮ್ಮ ಕ್ಲಾಸಿನವನೊಬ್ಬನ ಕಾರು ಒಂದೇ ಕಡೆ ನಿಲ್ಲದೆ ಉಯ್ಯಾಲೆಯ ಹಾಗೆ 1000ದಿಂದ 1800ಕ್ಕೆ ಹೋಗಿ ಬರ್ತಿತ್ತು. ಅದೂ ಹೆಚ್ಚುವರಿ ಗಾಳಿಯದ್ದೇ ಕಥೆ. ಥ್ರಾಟಲ್ ಮುಚ್ಚಿದೆ ಅಂತ ಸೆನ್ಸರ್ ಹೇಳ್ತಿದೆ, ಆದ್ರೆ ಆರ್‌ಪಿಎಂ ಮೇಲಿದೆ. ಇಸಿಯು ಇದನ್ನ ‘ಡ್ರೈವರ್ ಕಾಲು ತೆಗೆದು ಇಳಿಜಾರಲ್ಲಿ ಹೋಗ್ತಿದ್ದಾನೆ’ ಅಂದ್ಕೊಂಡು ಪೆಟ್ರೋಲ್ ನಿಲ್ಲಿಸುತ್ತೆ. ಸುತ್ತು ಇಳಿದಾಗ ಮತ್ತೆ ಬಿಡುತ್ತೆ. ಗಾಳಿ ಹೇಗೂ ಜಾಸ್ತಿ ಇದೆ, ಮತ್ತೆ ಏರುತ್ತೆ. ಲಿಮಿಟ್ ಸೈಕಲ್ ಅಂತ ಪುಸ್ತಕದಲ್ಲಿ ಓದೋದನ್ನ ಟ್ಯಾಕೋಮೀಟರಿನಲ್ಲಿ ನೋಡಬಹುದು. ಅವನಿಗೆ ಥ್ರಾಟಲ್ ಬಾಯಿಗೆ ರಬ್ಬರ್ ಶೀಟ್ ಒತ್ತೋಕೆ ಹೇಳಿದ್ದೀನಿ, ಇನ್ನೂ ಉತ್ತರ ಬಂದಿಲ್ಲ.

ಒಟ್ಟು ಲೆಕ್ಕ: ರಬ್ಬರ್ ಕ್ಯಾಪ್ 10 ರೂಪಾಯಿ, ಮುಕ್ಕಾಲು ಲೀಟರ್ ಕೂಲಂಟ್, ಮೇಸ್ತ್ರಿಗೆ 500 ರೂಪಾಯಿ, ಅದನ್ನೂ ಅಪ್ಪ ಜೇಬಿಗೆ ತುರುಕಿದ್ದು. ಕೆಟ್ಟ ಪಾರ್ಟ್ ಒಂದೂ ಇರಲಿಲ್ಲ. ಜೆ.ಸಿ. ರಸ್ತೆಯ ವಾಲ್ವ್ ಹಾಸ್ಟೆಲ್ಲಿನಲ್ಲಿ ನನ್ನ ರೂಮಿನ ಶೆಲ್ಫ್ ಮೇಲೆ ಕೂತಿದೆ. ಯಾರ ಮನೇಲಾದ್ರೂ ಎಸ್ಟೀಮ್ ಇದ್ರೆ ಹೇಳಿ, ಅರ್ಧ ರೇಟಿಗೆ ಕೊಡ್ತೀನಿ. ಆದ್ರೆ ಕೊಳ್ಳೋ ಮುಂಚೆ ಕೂಲಂಟ್ ನೋಡ್ಕೊಳ್ಳಿ.